ಅಜ್ಜ ಅಕ್ಕನಿಗೆ ಗಂಡು ನೋಡಿದ್ದು

ಇದು ೨೦೦೬ರ ಜನವರಿಯಲ್ಲಿ ನಡೆದದ್ದು. ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅಂಕೋಲೆಯ ನಮ್ಮ ಮನೆಯಲ್ಲಿ ಇಂಥ ಫಜೀತಿಗಳು ಆಗುತ್ತಲೇ ಇದ್ದವು. ಅಜ್ಜ ಮನೆಯಲ್ಲಿದ್ದ ದಿನ ಮನೆಯಲ್ಲಿ, ಹೊರಗೆ ಹೋದ ದಿನ ಹೊರಗೆ.

ಅಜ್ಜನಿಗೆ ಎಪ್ಪತ್ತಾರು, ಅಕ್ಕನಿಗೆ ಇಪ್ಪತ್ತೇಳು. ಅದಕ್ಕೆ ಮೊದಲು ಬಂದ ಎರಡು ಸಂಬಂಧ ಅಜ್ಜನ ಬಾಯಿಂದಲೇ ತಪ್ಪಿದ್ದವು. ತಲೆಗೂದಲು ಎಲ್ಲಿ ಹೋಯಿತು ಎಂದು ಮೊದಲನೆಯ ಹುಡುಗನನ್ನೇ ಕೇಳಿದ್ದ. ಎರಡನೆಯವನ ವಿಷಯದಲ್ಲಿ ಅದೇ ಪ್ರಶ್ನೆಯನ್ನು ಅವನ ತಾಯಿಗೆ ಕೇಳಿದ್ದ. ಮೂರನೆಯವ ಕಾರವಾರದವ, ಕೈಗಾದ ಅಣುಸ್ಥಾವರದಲ್ಲಿ ಕೆಲಸ. ಫೋಟೋ ನೋಡಿ ಅಕ್ಕ ಒಪ್ಪಿದ್ದಳು. ನನ್ನನ್ನು ಬಾವಿಕಟ್ಟೆಗೆ ಕರೆದು, ಇದೂ ತಪ್ಪಿದರೆ ತಾನು ಇನ್ನು ಯಾರ ಮುಂದೆಯೂ ಚಹಾದ ತಟ್ಟೆ ಹಿಡಿದು ನಿಲ್ಲುವುದಿಲ್ಲ ಎಂದಳು. ಮನೆಯಲ್ಲಿ ಅಪ್ಪ ಇದ್ದ, ಆದರೆ ಮಾತೆಲ್ಲ ಅಜ್ಜನದು. ಅಜ್ಜನನ್ನು ಸುಮ್ಮನಿಡುವ ಕೆಲಸ ನನಗೆ ಬಂತು.

೧. ಗುಟ್ಟಿನ ವಿಚಾರಣೆ

ಹುಡುಗನ ಮನೆಯವರ ಬಗ್ಗೆ ಗುಟ್ಟಾಗಿ ವಿಚಾರಿಸಿ ಬರುತ್ತೇನೆಂದು ಅಜ್ಜ ಒಬ್ಬನೇ ಕಾರವಾರಕ್ಕೆ ಹೋದ. ಅವರ ಕೇರಿಯ ತಿರುವಿನಲ್ಲಿದ್ದ ಚಹಾದಂಗಡಿಗೆ ಹೊಕ್ಕು, ಪೇಪರ್ ಓದುತ್ತಿದ್ದ ಒಬ್ಬರ ಪಕ್ಕ ಕುಳಿತ. ಇಂಥ ಮನೆಯ ಹುಡುಗ ಹೇಗೆ ಎಂದು ಕೇಳಿದ. ಬಂಗಾರದಂಥ ಹುಡುಗ ಎಂದರು ಅವರು. ಅಪ್ಪ ಹೇಗೆ? ಅಂಥ ಮನುಷ್ಯ ಈ ಕೇರಿಯಲ್ಲೇ ಇಲ್ಲ. ತಾಯಿ? ಅವರು ಪೇಪರ್ ಮಡಚಿ, ಆಚೀಚೆ ನೋಡಿ, ಒಳ್ಳೆಯವಳೇ, ಆದರೆ ಸ್ವಲ್ಪ ಹಟಮಾರಿ, ಗಂಡನಿಗೆ ಎರಡನೇ ಸಲ ಚಹಾ ಕೊಡುವುದಿಲ್ಲ ಎಂದರು.

ಆ ಭಾನುವಾರ ಹುಡುಗನ ಕಡೆಯವರು ನಮ್ಮ ಮನೆಗೆ ಬಂದರು. ಹುಡುಗನ ಅಪ್ಪನನ್ನು ಕಂಡು ಅಜ್ಜ ಮೆಟ್ಟಿಲ ಮೇಲೇ ನಿಂತುಬಿಟ್ಟ. ಪೇಪರ್ ಓದುತ್ತಿದ್ದವರು ಅವರೇ. ಅವರು ಹತ್ತಿರ ಬಂದು ಅಜ್ಜನ ಕೈ ಹಿಡಿದು ಮೆಲ್ಲಗೆ ಹೇಳಿದರು:

“ಕಾಕಾ, ಚಹಾದ ಸುದ್ದಿ ಮಾತ್ರ ಇವಳ ಮುಂದೆ ತೆಗೀಬೇಡಿ.”

೨. ಕರೆಂಟು

ಅದೇ ದಿನ. ಅಜ್ಜ ಹುಡುಗನನ್ನು ಎದುರು ಕೂರಿಸಿಕೊಂಡು ಮೊದಲು ತಲೆ ನೋಡಿದ. ಕೂದಲು ಸಾಕಷ್ಟಿತ್ತು. ನನಗೆ ಸಮಾಧಾನವಾಯಿತು.

“ಕೈಗಾದಲ್ಲಿ ಕರೆಂಟ್ ಮಾಡೂದು ನೀವೇ ಅಲ್ಲಾ?”

ಹುಡುಗ ಹೌದೆಂದ.

“ಹಂಗಾರೆ ನಮ್ಮನೇಲಿ ದಿನಾ ಯಾಕ್ ಹೋಗ್ತದೆ?”

ಹುಡುಗ ಸಾವಧಾನದವ. ಕಾಗದ ಕೇಳಿ ಪಡೆದು ಚಿತ್ರ ಬರೆದ. ಅಲ್ಲಿ ತಯಾರಾದ ವಿದ್ಯುತ್ತು ನೇರ ಅಂಕೋಲೆಗೆ ಬರುವುದಿಲ್ಲ, ದೊಡ್ಡ ಜಾಲಕ್ಕೆ ಸೇರುತ್ತದೆ, ಅಲ್ಲಿಂದ ಹಂಚಿಕೆಯಾಗುತ್ತದೆ ಎಂದು ವಿವರಿಸಿದ. ವಿವರಣೆ ಸರಿಯಾಗಿತ್ತು, ನಾನು ನೋಡಿದೆ. ಹಾಗಾಗಿ ಈಗ ಮೊದಲಿನಷ್ಟು ಕರೆಂಟು ಹೋಗುವುದಿಲ್ಲ ಎಂದು ಅವನು ಹೇಳುತ್ತಿದ್ದಂತೆ ಫ್ಯಾನು ನಿಂತಿತು.

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನಿಗೆ ಗಾಳಿ ಬೀಸುತ್ತ, “ಹೂಂ, ಮುಂದೆ ಹೇಳು” ಎಂದ.

೩. ಚೀಟಿ

ಮರು ಭಾನುವಾರ ಅವರ ಮನೆ ನೋಡಲು ಅಜ್ಜ, ಅಪ್ಪ, ನಾನು ಹೊರಟೆವು. ಅಕ್ಕ ಬರುವಂತಿರಲಿಲ್ಲ. ಅವಳು ಹೇಳಿದಂತೆ ನಾನು ಒಂದು ಚೀಟಿ ಬರೆದು ಅಜ್ಜನ ಜೇಬಿಗೆ ಹಾಕಿದೆ. ಅಲ್ಲಿ ಮಾಡಬಾರದ ಎಂಟು ಸಂಗತಿ, ಅಂಕಿ ಹಾಕಿ. ಯಾರ ಕೂದಲ ಮಾತೂ ಎತ್ತಬಾರದು ಎಂಬುದು ಮೊದಲನೆಯದು.

ಬಸ್ಸು ಅಂಕೋಲೆ ಬಿಟ್ಟ ಕೂಡಲೇ ಅಜ್ಜ ಚೀಟಿ ತೆಗೆದು ಓದಿದ. ಅಜ್ಜನಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸ ಇರಲಿಲ್ಲ. ದಾರಿಯ ಅರ್ಗಾ ಊರು ಬರುವಷ್ಟರಲ್ಲಿ ನಾವು ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆಂದು ಬಸ್ಸಿಗೆಲ್ಲ ಗೊತ್ತಾಗಿತ್ತು. ಊಟವಾದ ಕೂಡಲೇ ಅಲ್ಲೇ ಮಲಗಬಾರದು ಎನ್ನುವ ಆರನೆಯದನ್ನು ಕಂಡಕ್ಟರ್ ಒಪ್ಪಲಿಲ್ಲ.

“ಆರನೇದು ಹೊಡೆದು ಹಾಕಿ. ವಯಸ್ಸಾದವ್ರು,” ಎಂದ ನನಗೆ.

ಹಿಂದಿನ ಸೀಟಿನವರೂ ಹೌದೆಂದರು. ಹೊಡೆದು ಹಾಕಿದೆ.

೪. ಬಂಗಡೆ

ಹುಡುಗನ ತಾಯಿ ದೇವಬಾಗದವರು. ಮನೆಮಾತು ಕೊಂಕಣಿ, ಕನ್ನಡ ಅಷ್ಟಕ್ಕಷ್ಟೆ. ನಮ್ಮಲ್ಲಿಗೆ ಬಂದ ದಿನವೂ ಹೆಚ್ಚು ಮಾತಾಡಿರಲಿಲ್ಲ. ಅವರ ಮನಸ್ಸು ಗೆಲ್ಲಬೇಕೆಂದು ಅಜ್ಜ ಬಾಗಿಲಲ್ಲೇ ಕೊಂಕಣಿ ಶುರು ಮಾಡಿದ. ಮೀನು ಪೇಟೆಯಲ್ಲಿ ಕಲಿತದ್ದು, ಆದರೂ ಕೊಂಕಣಿಯೇ. ಅವರಿಗೆ ಸಂತೋಷವಾಯಿತು. ಅಲ್ಲಿಂದ ಮುಂದೆ ಅಜ್ಜ ಏನು ಹೇಳಿದರೂ ಕೊಂಕಣಿ ಎಂದೇ ಕೇಳಿಸಿಕೊಂಡರು.

ಊಟಕ್ಕೆ ಎಲೆ ಹಾಕಿದರು. ಆ ತಾಯಿ ಆಗಷ್ಟೇ ಹುರಿದ ಬಂಗಡೆ ಮೀನಿನ ತಟ್ಟೆ ಹಿಡಿದು ಬಂದು, ಬಡಿಸಲೇ ಎಂದು ಅಜ್ಜನನ್ನು ಕೇಳಿದರು. ಬಂಗಡೆಯ ವಿಷಯದಲ್ಲಿ ಅಜ್ಜ ಬೇಕು ಬೇಡ ಎನ್ನುವವನಲ್ಲ, ನೇರ ಸಂಖ್ಯೆ ಹೇಳುವವನು.

“ನಾಕ್,” ಎಂದ.

ತಟ್ಟೆ ಅಪ್ಪನ ಎಲೆಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬಂದು ಕೇಳಿದರು. ಈ ಸಲ ಅಜ್ಜ ಎಡಗೈಯ ನಾಲ್ಕು ಬೆರಳನ್ನೂ ಎತ್ತಿ ತೋರಿಸಿ “ನಾಕ್” ಎಂದ. ಅವರ ಮುಖ ಸಣ್ಣದಾಯಿತು. ತಟ್ಟೆ ಮುಂದೆ ಹೋಯಿತು. ಮೂರನೇ ಸಲವೂ ಹಾಗೇ.

ಹುಡುಗನ ಅಪ್ಪ ಊಟ ಬಿಟ್ಟು ಅಜ್ಜನನ್ನೇ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಆ ತಾಯಿ ಯಾರಿಗೋ ಕೊಂಕಣಿಯಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು: ಹುಡುಗಿಯ ಅಜ್ಜ ನಮ್ಮ ಮನೆಯ ಮೀನು ಮುಟ್ಟಲಿಲ್ಲ, ಅವರಿಗೆ ಈ ಸಂಬಂಧ ಮನಸ್ಸಿಲ್ಲ. ಇತ್ತ ಅಜ್ಜ ನನ್ನ ಕಿವಿಗೆ ಬಾಗಿದ.

“ಏಳು ತಂಗಿ. ಮೂರ್ ಸಲ ತೋರ್ಸಿ ತಕಂಡು ಹೋದ್ರು. ನಮ್ಮ ಹುಡ್ಗಿ ಬ್ಯಾಡ ಅಂದಂಗೇ ಇದು.”

ಅಜ್ಜನ ಕಣ್ಣಲ್ಲಿ ನೀರಿತ್ತು. ಅಕ್ಕನಿಗೋ ಬಂಗಡೆಗೋ, ಈಗಲೂ ಹೇಳಲಾರೆ.

ನಾನು ಮೂರೂ ಸಲ ನಡೆದದ್ದನ್ನು ಮೊದಲಿಂದ ನೆನೆದೆ. ಮೂರು ಸಲವೂ ತಟ್ಟೆ ತಿರುಗಿದ್ದು ಒಂದೇ ಮಾತಿಗೆ. ಆಗ ಹೊಳೆಯಿತು. ಕೊಂಕಣಿಯಲ್ಲಿ ‘ನಾಕಾ’ ಎಂದರೆ ಬೇಡ. ಎತ್ತಿದ ಕೈಯೂ ಎದುರು ನಿಂತವರಿಗೆ ಬೇಡ ಎಂದೇ ಕಾಣುತ್ತದೆ. ಅಜ್ಜನಿಗೆ ಆ ಶಬ್ದ ಗೊತ್ತಿಲ್ಲದ್ದೇನಲ್ಲ. ಆದರೆ ಹಸಿದಾಗ ಅವನು ಎಣಿಸುವುದು ಕನ್ನಡದಲ್ಲೇ.

“ಅಜ್ಜಾ, ಕೊಂಕಣಿಲಿ ನಾಕಕ್ಕೆ ಎಂತ ಅಂತ್ರು?”

“ಚಾರ್,” ಎಂದ ಅಜ್ಜ, ಸಿಟ್ಟಿನಲ್ಲಿ, ಗಟ್ಟಿಯಾಗಿ.

ಅಡುಗೆಮನೆಯ ಮಾತು ನಿಂತಿತು. ಆ ತಾಯಿ ತಟ್ಟೆ ಸಮೇತ ಹೊರಗೆ ಬಂದರು. ನನಗೆ ಕೊಂಕಣಿ ತಿಳಿಯುತ್ತದೆ, ಆಡಲು ಬಾರದು; ಕನ್ನಡದಲ್ಲೇ ವಿಷಯ ಹೇಳಿದೆ, ಹುಡುಗನ ಅಪ್ಪ ಅದನ್ನು ಕೊಂಕಣಿಯಲ್ಲಿ ಅವರಿಗೆ ತಿಳಿಸಿದರು. ಅವರು ಗೋಡೆ ಹಿಡಿದು ನಕ್ಕರು. ಆಮೇಲೆ ಅಜ್ಜನ ಎದುರೇ ಕೂತು, ಇನ್ನು ಯಾವ ಭಾಷೆಯಲ್ಲೂ ಕೇಳುವುದಿಲ್ಲ ಎಂದು ಬಡಿಸತೊಡಗಿದರು. ಅಜ್ಜನೂ ಮತ್ತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಕೈ ತೊಳೆದ ಮೇಲೆ ಮದುವೆ ಏಪ್ರಿಲ್ ತಿಂಗಳಿಗೆ ಗೊತ್ತಾಯಿತು.

ಅಜ್ಜ ಹೋಗಿ ಈಗ ಒಂದು ವರ್ಷ. ಹನ್ನೆರಡನೇ ದಿನದ ಊಟಕ್ಕೆ ಬಂದಾಗ ಅಕ್ಕನ ಅತ್ತೆ ಇದನ್ನೇ ಹೇಳಿ ನಕ್ಕರು, ನಗುತ್ತಲೇ ಅತ್ತರು. ಅವರ ಪ್ರಕಾರ ಅಜ್ಜ ಅಂದು ತಿಂದ ಬಂಗಡೆ ಏಳು. ಅದು ತಪ್ಪು. ಊಟದಿಂದ ಏಳುವ ಮೊದಲು ಅಜ್ಜನ ಎಲೆಯ ಬದಿಯಲ್ಲಿದ್ದ ನಡುಮುಳ್ಳುಗಳನ್ನು ನಾನು ಎಣಿಸಿದ್ದೆ. ಒಂಬತ್ತು.