ಚುಕ್ಕಿಯೊಳಗಿನ ಹೆಸರು

ಇಸ್ಮಾಯಿಲ್‌ಸಾಬರ ಅಂಗಡಿಯೊಳಗ ಆ ಯಂತ್ರವನ್ನು ಮೊದಲ ಸಲ ಕಂಡ ದಿನ ನಾನು ಚಪ್ಪಲಿ ಹೊರಗ ಬಿಟ್ಟು ಕೈ ಮುಗಿದೆ. ತಪ್ಪು ನನ್ನದಲ್ಲ. ಅದಕ್ಕೊಂದು ಬ್ಯಾರೆ ಕೋಣಿ, ಮೈಗೆ ಹೊದಿಕಿ, ಮುಂದ ಊದಿನಕಡ್ಡಿ. (ಊದಿನಕಡ್ಡಿ ಸೊಳ್ಳಿಗೆ ಹಚ್ಚಿದ್ದು ಅಂತ ಆಮ್ಯಾಲ ತಿಳೀತು.)

ನನ್ನನ್ನು ಮಸ್ಕಿಯಿಂದ ಸಿಂಧನೂರಿಗೆ ಎಳಕೊಂಡು ಹೋದಾಕಿ ನನ್ನ ನಾದಿನಿ ಪಾರ್ವತೆಮ್ಮ. ನಾವಿಬ್ಬರೂ ಕೂಡಿ ಹಳೇ ಸೀರಿ, ಹಳೇ ಧೋತರದ ಚೂರು ಜೋಡಿಸಿ ಕೌದಿ ಹೊಲಿಯುವವರು. ಯಾರೋ ಅಮ್ಮಾರು ಬಂದು ಕೌದಿ ಸವರಿ, "ಇವನ್ನ ವೆಬ್‌ಸೈಟಿಗೆ ಹಾಕ್ರಿ, ಜಗತ್ತೇ ನೋಡ್ತದ" ಅಂದು ಹೋದರು. ಅವತ್ತಿನಿಂದ ಪಾರ್ವತೆಮ್ಮ ಜಗತ್ತು ಬರುವ ದಾರಿ ನೋಡುತ್ತ ಅಂಗಳ ಎರಡೆರಡು ಸಲ ಸಾರಿಸತೊಡಗಿದಳು. ಅದು ೧೯೯೯ನೇ ಇಸವಿ.

ಇಸ್ಮಾಯಿಲ್‌ಸಾಬರು ಮೊದಲಿಂದ ಟೈಪಿಂಗ್ ಕಲಿಸುವವರು. ಹೊಸ ಸಾಫ್ಟ್‌ವೇರ್ ತೋರಿಸಿ ಹೇಳಿದರು: "ಪುಟ ಕಟ್ಟೋ ತಕಲೀಫ್ ನಮಗಿಲ್ಲ ಅಕ್ಕಾರ. ಇದು ಖಾನಿ ತೋರಸ್ತೈತಿ. ತುಂಬಿಕೋಂತ ಹೋದ್ರ ವೆಬ್‌ಸೈಟ್ ತಯಾರ್."

"ಅಂದ್ರ ಕೌದಿನ. ಚೌಕ ಅದರದು, ಚೂರು ನಮ್ಮದು."

"ಬರೋಬ್ಬರಿ ಹೇಳಿದ್ರಿ!"

ಆದರ ಅದು ಕೇಳುವ ಪ್ರಶ್ನೆ! ಕನ್ಯಾ ನೋಡಾಕ ಬಂದ ಬೀಗರೂ ಇಷ್ಟು ಕೇಳಲಿಕ್ಕಿಲ್ಲ. ಹೆಸರೇನು? ಯಾವ ಬಣ್ಣ? ಚಿತ್ರ ಎಡಕ್ಕೋ ಬಲಕ್ಕೋ? ಅದು ಇಂಗ್ಲಿಷಿನೊಳಗ ಕೇಳುವುದು, ಇಸ್ಮಾಯಿಲ್‌ಸಾಬರು ಕನ್ನಡದೊಳಗ ಹೇಳುವುದು, ನಾನು ಬಾಯಿ ತೆರೆಯುವುದರೊಳಗ ಪಾರ್ವತೆಮ್ಮ ಉತ್ತರ ಕೊಡುವುದು. ಕಡೀಕ ಅದು ಪಾಸ್‌ವರ್ಡ್ ಕೇಳಿತು.

"ಇದು ಕೀಲಿ ಇದ್ದಂಗ. ಯಾರ ಮುಂದೂ ಬಾಯಿಬಿಟ್ಟು ಹೇಳಬಾರದು, ಆದ್ರ ಎಂದೂ ಮರೀಬಾರದು. ಅಂಥದ್ದೊಂದು ಮಾತು ಹೇಳ್ರಿ."

"ಹೇಳಬಾರದು ಅಂತೀರಿ, ಹೇಳ್ರಿ ಅಂತೀರಿ" ಎಂದೆ. ಖರೇ ಅಂದ್ರ, ಅಂಥ ಮಾತು ನನ್ನ ಹತ್ತಿರ ಒಂದೇ ಇತ್ತು. ನನ್ನ ಮನೆಯವರ ಹೆಸರು.

ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ರೇಷನ್ ಕಾರ್ಡಿನವನು ಕೇಳಿದರೂ ಮಗ್ಗಲಮನಿ ಜೋಗಮ್ಮನೇ ಹೇಳಬೇಕು. ಮದುವಿ, ಸೀಮಂತದೊಳಗ ಮಾತ್ರ ಹೆಣಮಕ್ಕಳು ಬಾಗಿಲಿಗೆ ಅಡ್ಡ ನಿಂತು, "ಒಡಪು ಹಾಕಿ ಹೆಸರು ಹೇಳಿದ್ರ ಒಳಗ ಬಿಡ್ತೀವಿ" ಅನ್ನುತ್ತಾರ. ಆಗ ನಾನು ಸೆರಗಿನೊಳಗ ಮುಖ ಮುಚ್ಚಿಕೊಂಡು ಹೇಳುತ್ತಿದ್ದೆ: "ರೊಟ್ಟಿಗೆ ಬೆಣ್ಣಿ, ಹೋಳಿಗಿಗೆ ತುಪ್ಪ, ನನ್ನ ಕೈ ಹಿಡದವರು..." (ಇಲ್ಲಿ ಅವರ ಹೆಸರು.) ಅವರು ಅಂಗಳದೊಳಗ ಕುಂತು, ಕೇಳಿಸಲಿಲ್ಲ ಅನ್ನುವಂಗ ಬೀಡಿ ಹಚ್ಚುತ್ತಿದ್ದರು. ಕಡ್ಡಿ ಮಾತ್ರ ಬೆರಳು ಸುಡುವತನಕ ಉರಿಯುತ್ತಿತ್ತು.

ಅವರು ಹೋದಮೇಲೆ ಬಾಗಿಲಿಗೆ ಅಡ್ಡ ನಿಲ್ಲುವವರಿಲ್ಲ. ರಂಡಿಮುಂಡಿಗೆ ಒಡಪು ಹೇಳು ಅಂತ ಯಾರು ಕೇಳುತ್ತಾರ?

ಈ ಯಂತ್ರ ಕೇಳಿತು.

ಕಾಲುವಿ ಕೆಲಸದ ಅವರ ಗುರುತಿನ ಚೀಟಿ ನನ್ನ ಎಲೆಅಡಿಕಿ ಚೀಲದೊಳಗ ಇರುತ್ತದ. ಅದರ ಮ್ಯಾಲ ಇಂಗ್ಲಿಷ್ ಅಕ್ಷರ. "ನೀವು ಆ ಕಡೆ ತಿರುಗ್ರಿ" ಎಂದು ಇಸ್ಮಾಯಿಲ್‌ಸಾಬರನ್ನು ಗೋಡಿಗೆ ತಿರುಗಿಸಿ, ಚೂರಿಗೆ ಚೂರು ಹೊಂದಿಸಿದಂಗ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪರದಾದ ಮ್ಯಾಲ ನೋಡಿದರ ಅಕ್ಷರ ಒಂದೂ ಇಲ್ಲ! ಬರೇ ಚುಕ್ಕಿ ಸಾಲು. ಗಂಡನ ಹೆಸರಿಗೆ ಸೆರಗು ಹಾಕುವ ಪದ್ಧತಿ ಇದಕ್ಕ ಯಾವ ತಾಯಿ ಕಲಿಸಿದ್ದಳೋ! ಮನಿತನಸ್ಥ ಯಂತ್ರ.

ಅವತ್ತಿನಿಂದ ನನಗೆ ವೆಬ್‌ಸೈಟಿನ ಚಿಂತಿ ಭಾಳ ಆಯಿತು. ವಾರವಾರ ಸಿಂಧನೂರು ಬಸ್ಸು.

"ಮತ್ಯಾಕ ಹೊಂಟಿ ವೈನಿ?" ಎಂದು ಪಾರ್ವತೆಮ್ಮ ಕೇಳುವಳು.

"ಅಂಚಿನ ಬಣ್ಣ ಯಾಕೋ ಮಬ್ಬ ಕಾಣತೈತಿ."

"ಹೋದ ವಾರ ಕಣ್ಣಿಗೆ ಹೊಡೀತೈತಿ ಅಂದಿದ್ದಿ!"

ಬಣ್ಣ ಸುಡುಗಾಡಿಗೆ ಹೋಗಲಿ. ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುವವರು ಒಬ್ಬರು ಇದ್ದರಲ್ಲ, ಅಷ್ಟು ಸಾಕಿತ್ತು. ಒಳಗ ಹೋದಮೇಲೆ ನನಗೆ ಏನೂ ಕೆಲಸ ಇರುತ್ತಿರಲಿಲ್ಲ.

ಒಂದು ಸೋಮವಾರ ಹೆಸರು ಒತ್ತಿದೆ. ಯಂತ್ರ ಗುಂಯ್ ಅಂದಿತು.

"ತಪ್ಪು ಅಂತೈತಿ ಅಕ್ಕಾರ" ಎಂದರು ಇಸ್ಮಾಯಿಲ್‌ಸಾಬರು, ಗೋಡಿ ಕಡೆಯಿಂದಲೇ.

ಚೀಟಿ ನೋಡಿ ನೋಡಿ ಮತ್ತೆ ಒತ್ತಿದೆ. ತಪ್ಪು. ಮತ್ತೆ ಒತ್ತಿದೆ.

"ತಪ್ಪಂತರೀ."

ನನ್ನ ನೆತ್ತಿಗೆ ಬೆಂಕಿ ಹತ್ತಿತು. "ಏನ್ ತಪ್ಪು? ಜಿಂದಗಿ ತುಂಬ ಸಂಸಾರ ಮಾಡೀನಿ ನಾನು! ಇದು ನಿನ್ನಿ ಮೊನ್ನಿ ಹುಟ್ಟಿದ್ದು, ನನಗ ಹೇಳತೈತಿ! ನನ್ನ ಗಂಡನ ಹೆಸರು ಆದಪ್ಪ ಅಲ್ಲಂದ್ರ ಮತ್ತೇನು? ಆದಪ್ಪ! ಆದಪ್ಪ!"

ಆಚಿ ಕೋಣಿಯೊಳಗ ಟೈಪಿಂಗ್ ಸದ್ದು ಗಪ್ಪಂತ ನಿಂತಿತು. ಹೊರಗ ಚಾ ಕುಡಿಯುವವರು ಇಣಿಕಿದರು. ನಾನು ಸೆರಗು ಹೊದ್ದು ಕಂಪ್ಯೂಟರಿನ ಹೊದಿಕಿಯೊಳಗ ಹೋಗುವುದೊಂದೇ ಬಾಕಿ.

ಅಷ್ಟೊತ್ತಿಗೆ ಬಾಗಿಲೊಳಗ ನಗಿ ಕೇಳಿತು. ನನ್ನ ಬೆನ್ನ ಹಿಂದೇ ಬಸ್ಸು ಹತ್ತಿದ್ದಳು ಪಾರ್ವತೆಮ್ಮ.

"ನಿನ್ನೆ ಸಾಬರು ಇಲ್ಲದಾಗ ಬಂದು, ಟೈಪಿಂಗ್ ಹುಡುಗಿಗೆ ಚೀಟಿ ತೋರಿಸಿ ಅದನ್ನ ಬದ್ಲಿ ಮಾಡಿಸೀನಿ ವೈನಿ. ನಮ್ಮಣ್ಣನ ಹೆಸರು ಊರಿಗೇ ಗೊತ್ತು, ಅದೆಂಥ ಗುಟ್ಟು?"

"ನಿನಗ ಹೆಂಗ ತಿಳೀತು?"

"ಮತ್ತ ಇನ್ನೇನು ಇಡ್ತಿದ್ದಿ ನೀ?"

"ಈಗೇನು ಇಟ್ಟೀದಿ, ಅದನ್ನರ ಹೇಳು."

ಅಷ್ಟು ಬಾಯಿಮಾಡುವ ಪಾರ್ವತೆಮ್ಮ ಒಮ್ಮೆಲೇ ಸೆರಗು ಕಚ್ಚಿದಳು. ಹಲ್ಲು ಬಿದ್ದ ವಯಸ್ಸಿನೊಳಗ ಕೆನ್ನಿ ಕೆಂಪಗ!

"ಅದನ್ನ... ನಾ ಹೆಂಗ ಹೇಳಲಿ?"

ನನಗೆ ಎಲ್ಲಾ ತಿಳೀತು. "ಸಾಬರ, ಆಕಿ ಗಂಡ ಹೊನ್ನೂರಪ್ಪ. ಒತ್ತಿ ನೋಡ್ರಿ."

ಯಂತ್ರದ ಬಾಗಿಲು ಪಟ್ಟನೆ ತೆರೀತು. ನಾವಿಬ್ಬರೂ ಒಬ್ಬರ ಮ್ಯಾಲ ಒಬ್ಬರು ಬಿದ್ದು ನಕ್ಕೆವು. ನಗುತ್ತಲೇ ಪಾರ್ವತೆಮ್ಮ ನನ್ನ ಕಣ್ಣು ಒರೆಸಿ, "ಸಾಬರ, ನಮ್ಮಣ್ಣನ ಹೆಸರೇ ಇರಲಿ, ಹಾಕಿಬಿಡ್ರಿ. ಪಾಪ, ನನ್ನವರು ಮನಿಯೊಳಗ ಅದಾರ" ಎಂದಳು.

ಇಸ್ಮಾಯಿಲ್‌ಸಾಬರು ಮತ್ತೆ ಗೋಡಿಗೆ ತಿರುಗಿದರು. (ಇನ್ನೇನು ಮುಚ್ಚಿಡುವುದಿತ್ತೋ!) ನಾನು ನಿಧಾನಕ್ಕ, ಒಂದೊಂದೇ ಚುಕ್ಕಿ ಇಟ್ಟೆ. ಆಗ ಯಂತ್ರ, ಹಿಂದೆಂದೂ ಕೇಳದ ಒಂದು ಪ್ರಶ್ನೆ ಕೇಳಿತು. ಅವರು ತಿರುಗಿ, ಕನ್ನಡಕ ಏರಿಸಿ ಓದಿ ಹೇಳಿದರು:

"ಈ ಹೆಸರು ಇನ್ನ ನಾನೇ ನೆನಪಿಟ್ಕೋತೀನಿ, ಮುಂದ ನೀವು ಒತ್ತೋ ಜರೂರತ್ತಿಲ್ಲ, ಆಗಬಹುದಾ ಅಂತ ಕೇಳಾಕತ್ತೈತಿ ಅಕ್ಕಾರ."