ಯಾತಕ್ಕೋ ಹಾಕಿದ ಗಂಟು

ಬೆಳಿಗ್ಗೆ ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಕರವಸ್ತ್ರದ ಮೂಲೆಯಲ್ಲಿದ್ದ ಗಂಟು ಹಾಲೇಶನ ಬೆರಳಿಗೆ ತಾಗಿತು. ಗಂಟು ತನ್ನದೇ, ಅದರಲ್ಲಿ ಸಂಶಯವಿಲ್ಲ. ನಿನ್ನೆ ಸಂಜೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತು, ಇದೊಂದನ್ನು ಸತ್ತರೂ ಮರೆಯಬಾರದು ಎಂದುಕೊಂಡು ಬಿಗಿಯಾಗಿ ಎಳೆದು ಹಾಕಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಯಾತಕ್ಕೆ ಹಾಕಿದ್ದು ಎನ್ನುವುದು ಮಾತ್ರ ನೆನಪಿರಲಿಲ್ಲ.

ಗಂಟು ಹಾಕುವ ವಿದ್ಯೆ ಅವನಿಗೆ ತಾಯಿ ಮಾಸ್ತಮ್ಮನಿಂದ ಬಂದದ್ದು. ಅರವತ್ತೆಂಟು ವರ್ಷದ ಮಾಸ್ತಮ್ಮನ ಸೆರಗು ನೋಡಿದರೆ ಮನೆಯಲ್ಲಿ ಆ ದಿನ ಎಷ್ಟು ಕೆಲಸ ಬಾಕಿ ಇದೆ ಎಂದು ಎಣಿಸಿ ಹೇಳಬಹುದಿತ್ತು. ಹಾಲೇಶನಿಗೆ ಸೆರಗಿಲ್ಲವಾದ್ದರಿಂದ ಕರವಸ್ತ್ರ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವನು ಹದಿನೆಂಟು ವರ್ಷದಿಂದ ಎಲೆಕ್ಟ್ರಿಷಿಯನ್. ಕೈ ಬಂಗಾರ, ತಲೆ ಮಾತ್ರ ಸಂತೆ ಎಂದು ಕ್ವಾರ್ಟರ್ಸಿನವರೆಲ್ಲ ಅವನ ಮುಖದೆದುರೇ ಹೇಳುತ್ತಿದ್ದರು. ಅವನೂ ಹೌದೆಂದು ನಗುತ್ತಿದ್ದ, ಆದರೆ ನಕ್ಕಷ್ಟು ಸುಲಭವಾಗಿ ಅದನ್ನು ಮರೆಯುತ್ತಿರಲಿಲ್ಲ.

ಆ ದಿನ, ೨೦೦೪ರ ಮಾರ್ಚ್ ತಿಂಗಳ ಒಂದು ಗುರುವಾರ, ಅವನು ರಜೆ ಹಾಕಿದ್ದ. ಹತ್ತು ವರ್ಷದ ಮಗಳು ಸಂಘಮಿತ್ರಾಳನ್ನು ಮಧ್ಯಾಹ್ನ ಎರಡಕ್ಕೆ ಶಿವಮೊಗ್ಗದ ಡಾಕ್ಟರಿಗೆ ತೋರಿಸಬೇಕಿತ್ತು. ಹುಡುಗಿ ತರಗತಿಯಲ್ಲಿ ಕೂತಲ್ಲಿ ಕೂರುವುದಿಲ್ಲ, ಪಾಠಕ್ಕಿಂತ ಕಿಟಕಿಯನ್ನೇ ಹೆಚ್ಚು ನೋಡುತ್ತಾಳೆ, ಉತ್ತರ ಬಂದರೂ ಅರ್ಧ ಬರೆದು ಎದ್ದುಬಿಡುತ್ತಾಳೆ ಎಂದು ಶಾಲೆಯ ದೊಡ್ಡ ಮೇಡಂ ಚೀಟಿ ಕಳಿಸಿದ್ದರು. ಶುಕ್ರವಾರದೊಳಗೆ ಡಾಕ್ಟರ ಪತ್ರ ತರಬೇಕು, ಇಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಬೇಕು. ಶುಕ್ರವಾರವೆಂದರೆ ನಾಳೆಯೇ.

"ಗಂಟು ಇದಕ್ಕೇ ಇರಬೇಕು" ಎಂದ ಹಾಲೇಶ.

"ಡಾಕ್ಟರ್ ವಿಷಯ ನಾನೇ ಕ್ಯಾಲೆಂಡರ್ ಮೇಲೆ ಬರೆದಿದೀನಿ. ಅದಕ್ಕೆ ನೀವ್ಯಾಕೆ ಗಂಟು ಹಾಕ್ತೀರಿ? ಗ್ಯಾಸ್ ಬುಕ್ ಮಾಡೋಕೆ ಹಾಕಿರ್ತೀರಿ, ಹೋಗಿ ಬನ್ನಿ" ಎಂದಳು ಹೆಂಡತಿ ಸುವರ್ಣಮ್ಮ.

ಅವನು ಗ್ಯಾಸ್ ಬುಕ್ ಮಾಡಿ ಬಂದ. ಮನಸ್ಸಿಗೆ ಸಮಾಧಾನವಾಗಲಿಲ್ಲ. ಎದುರುಮನೆಯ ಸಾವಿತ್ರಮ್ಮ ಕಾಂಪೌಂಡಿನ ಆಚೆಯಿಂದಲೇ ವಿಷಯ ಕೇಳಿಸಿಕೊಂಡು, ಆ ಗಂಟು ತಮ್ಮದೇ ಎಂದು ಸಾಧಿಸಿದರು. ಕುಕ್ಕರಿಗೆ ಗ್ಯಾಸ್ಕೆಟ್ ತಂದುಕೊಡು ಎಂದು ಅವರು ಹಬ್ಬದ ಹಿಂದಿನ ದಿನದಿಂದ ಹೇಳುತ್ತಲೇ ಇದ್ದರಂತೆ, ಯಾವ ಹಬ್ಬ ಎಂದು ಹೇಳಲಿಲ್ಲ. ಬೀದಿ ತುದಿಯ ಬೀಡಾ ಅಂಗಡಿಯ ಹುಲಿಯಪ್ಪ, ಕಳೆದ ಮಳೆಗಾಲದಲ್ಲಿ ಕೊಟ್ಟ ಕೊಡೆಯ ಗಂಟು ಅದು ಎಂದ. ಹಾಲೇಶ ಮನೆಗೆ ಓಡಿ ಕೊಡೆ ಹುಡುಕತೊಡಗಿದ. ಕೊಡೆ ಸಿಗಲಿಲ್ಲ. ಹುಡುಕುವಾಗ ಸಿಕ್ಕ ಹಳೆಯ ರೇಡಿಯೋವನ್ನು ಬಿಚ್ಚಿ ಕೂತ. ರೇಡಿಯೋ ಸರಿಹೋಯಿತು, ಹನ್ನೆರಡರ ಬಸ್ಸು ಹೋಯಿತು.

ಮುಂದಿನ ಬಸ್ಸಿನಲ್ಲಿ ಮೂವರು ಹೊರಟರು. ಮಾಸ್ತಮ್ಮನೂ ಜೊತೆಗಿದ್ದಳು. ಮೊಮ್ಮಗಳನ್ನು ತಲೆ ಡಾಕ್ಟರ ಹತ್ತಿರ ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಅವಳ ಹಟ. ಅಪ್ಪ ಜೊತೆಗಿರುತ್ತಾನಲ್ಲ ಎಂದು ಸುವರ್ಣಮ್ಮ ಹೇಳಿದ್ದಕ್ಕೆ, "ಅದಕ್ಕೇ ಹೇಳಿದ್ದು" ಎಂದಿದ್ದಳು.

ಹಾಲೇಶನ ಕೈಚೀಲದಲ್ಲಿ ಮೂರು ಲಕೋಟೆಗಳಿದ್ದವು. ಹಿಂದಿನ ವಾರ ಡಾಕ್ಟರು ಮೂರು ಫಾರಂ ಕೊಟ್ಟಿದ್ದರು. ಒಂದನ್ನು ಟೀಚರು ತುಂಬಬೇಕು, ಉಳಿದೆರಡನ್ನು ದಿನಾ ಹತ್ತಿರದಿಂದ ನೋಡುವ ಬೇರೆ ಯಾರಾದರೂ. ಎಲ್ಲರೂ ತುಂಬಿ, ಅಂಟಿಸಿ ಕೊಡಬೇಕು. ಮಿತ್ರಾ ಶಾಲೆಯಿಂದ ಬಂದು ಸಂಜೆವರೆಗೆ ಇರುವುದು ಸಾವಿತ್ರಮ್ಮನ ಮನೆಯಲ್ಲಿ, ಆದ್ದರಿಂದ ಒಂದು ಅವರಿಗೆ. ಇನ್ನೊಂದು ಪಕ್ಕದ ಮನೆಯ ಯೋಗರಾಜನಿಗೆ. ಅವನು ಹಾಲೇಶನ ಜೊತೆಯೇ ಕೆಲಸ ಮಾಡುವವನು, ತನ್ನ ಮಕ್ಕಳ ಜೊತೆ ಮಿತ್ರಾಳನ್ನೂ ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಿದ್ದ. ಹಾಳೆ ಸಾಲಲಿಲ್ಲ, ಹಿಂದುಗಡೆಯೂ ಬರೆದಿದ್ದೇನೆ ಎಂದು ಸಾವಿತ್ರಮ್ಮ ಲಕೋಟೆ ಕೊಟ್ಟಾಗ ಹಾಲೇಶ ಅದನ್ನು ಕೈಯಲ್ಲೇ ತೂಗಿ ನೋಡಿದ್ದ. ಇಷ್ಟುದ್ದದ ಹುಡುಗಿಯ ಮೇಲೆ ಅಷ್ಟೊಂದು ದೂರೇ?

ಡಾಕ್ಟರ್ ಶ್ರೀಗೌರಿಯವರ ಕ್ಲಿನಿಕ್ಕು ರವೀಂದ್ರನಗರದಲ್ಲಿತ್ತು. ಬಸ್ಸಿಳಿದು ದಾರಿಯಲ್ಲಿ ಗ್ಯಾಸ್ಕೆಟ್ ಕೊಂಡು, ಎರಡಕ್ಕೆ ಹೋಗಬೇಕಾದವರು ಎರಡೂಮುಕ್ಕಾಲಿಗೆ ಹೋದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಅವರ ಹತ್ತಿರ ಬರುವವರು ಹೊತ್ತಿಗೆ ಸರಿಯಾಗಿ ಬಂದರೆ ಆಗಲೇ ಅವರಿಗೆ ಅನುಮಾನ.

ಮೊದಲು ಟೀಚರ ಫಾರಂ ಓದಿ ತಲೆಯಾಡಿಸಿದರು. ಸಾವಿತ್ರಮ್ಮನದನ್ನು ತೆರೆದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಇವಳಿಗೆ ವಯಸ್ಸೆಷ್ಟು ಅಂದ್ರಿ?"

"ಹತ್ತು ಮೇಡಂ."

"ಸ್ಕೂಟರನ್ನ ಮಾರ್ಕೆಟ್‌ನಲ್ಲಿ ಬಿಟ್ಟು ಬಸ್ಸಲ್ಲಿ ಮನೆಗೆ ಬಂದಿದ್ದು ಅಂತ ಬರೆದಿದಾರೆ. ಮೂರು ಸಲ."

ಡಾಕ್ಟರು ಹಾಳೆ ತಿರುಗಿಸಿದರು. ಶೇವಿಂಗಿಗೆ ಕೂತಿದ್ದಾಗ ಹೊರಗೆ ಮೆರವಣಿಗೆಯ ಸದ್ದು ಕೇಳಿ ಎದ್ದು ಹೋಗಿ, ಅರ್ಧ ಮೀಸೆಯಲ್ಲಿ ಮನೆಗೆ ಬಂದದ್ದನ್ನು ಸಾವಿತ್ರಮ್ಮ ತಾರೀಕಿನ ಸಮೇತ ಬರೆದಿದ್ದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಮಿತ್ರಾಳ ಮೂತಿ ನೋಡಿದರು. ಅವಳು ಆಗಲೇ ನಗು ತಡೆಯಲಾಗದೆ ಕುರ್ಚಿಯಿಂದ ಜಾರಿದ್ದಳು.

ಆಗಿದ್ದು ಇಷ್ಟೇ. ಟೀಚರು ಫಾರಂ ಮೇಲೆ ತಾವೇ ಹುಡುಗಿಯ ಹೆಸರು ಬರೆದುಕೊಂಡಿದ್ದರು. ಉಳಿದೆರಡರಲ್ಲಿ ಹೆಸರಿನ ಜಾಗ ತುಂಬುವುದನ್ನು ಹಾಲೇಶ ಮರೆತಿದ್ದ. ಕೊಡುವಾಗ ಇದು ಯಾರ ವಿಷಯ ಎಂದು ಹೇಳಲು ಹೊರಟವನು, ಬೀದಿಯಲ್ಲಿ ಯಾರದೋ ಸ್ಕೂಟರು ವಿಚಿತ್ರವಾಗಿ ಕೆಮ್ಮಿದ್ದು ಕೇಳಿ ಅತ್ತ ಓಡಿದ್ದ. ವಸ್ತು ಕಳೆದುಕೊಳ್ಳುತ್ತಾರೆಯೇ, ಹೇಳಿದ್ದು ಮರೆಯುತ್ತಾರೆಯೇ, ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಾರೆಯೇ ಎಂಬ ಪ್ರಶ್ನೆಗಳನ್ನು ಓದಿದ ಇಬ್ಬರಿಗೂ, ಇದು ಯಾರ ಬಗ್ಗೆ ಎಂದು ಕೇಳುವ ಅಗತ್ಯವೇ ಕಂಡಿರಲಿಲ್ಲ. ಇಷ್ಟು ವರ್ಷಕ್ಕಾದರೂ ಹಾಲೇಶ ತನ್ನನ್ನು ಡಾಕ್ಟರಿಗೆ ತೋರಿಸಿಕೊಳ್ಳುತ್ತಿದ್ದಾನಲ್ಲ ಎಂದು ಸಂತೋಷಪಟ್ಟು ತುಂಬಿದ್ದರು.

ಹಾಲೇಶನ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡಲೇ ಎನಿಸಿತು. ಆದರೆ ಡಾಕ್ಟರು ಮೂರೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ನೋಡಿ ಎಂದರು. ಟೀಚರು ಎಲ್ಲೆಲ್ಲಿ ಗುರುತು ಹಾಕಿದ್ದರೋ ನೆರೆಯವರೂ ಅಲ್ಲಲ್ಲೇ ಹಾಕಿದ್ದರು, ಒಂದೇ ಪಡಿಯಚ್ಚು.

"ಇದಕ್ಕೆ ಎಡಿಎಚ್‌ಡಿ ಅಂತಾರೆ" ಎಂದು ಡಾಕ್ಟರು ನಿಧಾನವಾಗಿ ಹೇಳಿದರು. "ಹುಚ್ಚಲ್ಲ, ಸೋಮಾರಿತನಾನೂ ಅಲ್ಲ. ಮಿದುಳು ಗಮನ ಕೊಡೋ ರೀತಿನೇ ಬೇರೆ. ಚಿಕ್ಕವರಲ್ಲಿ ಅದು ಕೈಕಾಲಲ್ಲಿ ಕಾಣುತ್ತೆ, ದೊಡ್ಡವರಾದ ಮೇಲೆ ಒಳಗೊಳಗೇ ಓಡಾಡುತ್ತೆ. ಮಗಳಿಗೆ ಇದೆ. ನಿಮಗೂ ಇರೋ ಹಾಗಿದೆ, ಇನ್ನೊಂದು ದಿನ ಬನ್ನಿ, ಸರಿಯಾಗಿ ನೋಡೋಣ."

ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರುಗಳು, ಕಿವಿ ಹಿಂಡಿದ ಕೈಗಳು, ದಡ್ಡ ಎಂದು ಕೂಗಿದ ಬಾಯಿಗಳು ಎಲ್ಲವೂ ಹಾಲೇಶನ ಕಣ್ಣ ಮುಂದೆ ಬಂದು ಹೋದವು. ನಲವತ್ತೊಂದು ವರ್ಷ ತಾನೊಬ್ಬ ಬೇಜವಾಬ್ದಾರಿ ಎಂದೇ ನಂಬಿಕೊಂಡು ಬಂದವನಿಗೆ, ಅಲ್ಲ ಎಂದು ಒಬ್ಬರು ಹೇಳಿದ್ದು ಇದೇ ಮೊದಲು.

ಮಾಸ್ತಮ್ಮ ಸುಮ್ಮನಿರಲಿಲ್ಲ. "ಇದು ನಮ್ಮ ಕಡೆಯಿಂದ ಬಂದಿದ್ದು ಮೇಡಂ. ಇವರಪ್ಪನ ಕಡೆಯವರು ಕೂತ್ರೆ ಕೂತಂಗೇ, ಎಬ್ಬಿಸೋಕೆ ಇಬ್ಬರು ಬೇಕು" ಎಂದು ಹೆಮ್ಮೆಯಿಂದ ಹೇಳಿ, ಸೆರಗು ಬಿಡಿಸಿ ತೋರಿಸಿದಳು. ಒಂದು ಗಂಟು ಹೆಪ್ಪು ಹಾಕಲು, ಒಂದು ತನ್ನ ಮಾತ್ರೆಗೆ, ಒಂದು ಮಿತ್ರಾಳ ರಿಬ್ಬನ್ನಿಗೆ. ಐವತ್ತು ವರ್ಷದಿಂದ ಹಾಲು ಉಕ್ಕಿಸುತ್ತಲೇ, ಬೈಸಿಕೊಳ್ಳುತ್ತಲೇ ಈ ಗಂಟುಗಳ ಬಲದಿಂದ ಸಂಸಾರ ನಡೆಸಿದ್ದಳು. ಡಾಕ್ಟರು ಮೆಚ್ಚಿ ನಾಲ್ಕನೆಯದರ ಬಗ್ಗೆ ಕೇಳಿದರು.

"ಅದು ಇವನದು. ನಿನ್ನೆ ಬಂದವನೇ, ಅವ್ವಾ ನೀನೂ ಒಂದು ಹಾಕ್ಕೋ ಅಂದ. ಹಾಕ್ಕೊಂಡೆ. ಯಾತಕ್ಕೆ ಅಂತ ಇವನು ಹೇಳಲಿಲ್ಲ, ನಾನು ಕೇಳಲಿಲ್ಲ."

ಗಂಟಿನ ತೊಂದರೆಯೇ ಅದು ಎಂದರು ಡಾಕ್ಟರು. ಏನೋ ಇದೆ ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. ಇನ್ನು ಮೇಲೆ ಮೂವರೂ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯಬೇಕು, ವಸ್ತುವಿಗೊಂದು ಜಾಗ ಗೊತ್ತುಮಾಡಬೇಕು. ಅರ್ಥವಿಲ್ಲದ ಗಂಟು ತಲೆಗೆ ಭಾರ, ಈಗಲೇ ಬಿಚ್ಚಿ ಎಂದರು. ತಾಯಿ ಮಗ ಇಬ್ಬರೂ ಎದುರುಬದುರು ಕೂತು ಬಿಚ್ಚಿದರು. ಹಾಲೇಶನಿಗೆ ಹಲ್ಲುನೋವು ನಿಂತಷ್ಟು ಹಾಯೆನಿಸಿತು.

ಮಿತ್ರಾಳಿಗೆ ಶಾಲೆಯ ಪತ್ರ ಸಿಕ್ಕಿತು. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ನಡುನಡುವೆ ಎದ್ದು ಓಡಾಡಲು ಬಿಡಬೇಕು, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ಅದರಲ್ಲಿತ್ತು. ಕೊನೆಯ ವಾಕ್ಯವನ್ನು ಹಾಲೇಶ ಎರಡು ಸಲ ಓದಿದ. ಹೊರಡುವಾಗ ಡಾಕ್ಟರು ಯೋಗರಾಜನ ಫಾರಂ ಎತ್ತಿಕೊಂಡರು. ಕೊನೆಗೆ ಅವನು ಒಂದು ಸಾಲು ಸೇರಿಸಿದ್ದ: ಮೂರು ಶೆಡ್ಡಿನಾಚೆ ಮೋಟಾರಿನ ಸದ್ದು ಒಂಚೂರು ಬದಲಾದರೂ ಇವನೊಬ್ಬನಿಗೇ ಕೇಳುವುದು, ಜನವರಿಯಲ್ಲಿ ಹಾಗೆ ಕೇಳಿಯೇ ಬೆಂಕಿ ಹತ್ತುವುದನ್ನು ತಪ್ಪಿಸಿದ.

"ಅದೂ ಇದರದೇ ಇನ್ನೊಂದು ಮುಖ ಇರಬಹುದು" ಎಂದರು ಡಾಕ್ಟರು. "ನಿಮ್ಮ ಕಾರ್ಖಾನೆಗೂ ಒಂದು ಪತ್ರ ಬರೆದುಕೊಡ್ಲಾ?"

ಹಾಲೇಶ ಎದೆ ಸೆಟೆಸಿ ನಿಂತ. ಮಗಳು ತನ್ನನ್ನೇ ನೋಡುತ್ತಿದ್ದಳು. "ಬೇಡ ಮೇಡಂ. ಹದಿನೆಂಟು ವರ್ಷದ ಸರ್ವೀಸು. ನಾನೇನು ಅಂತ ಅವರಿಗೆ ಹೇಳೋಕೆ ಪತ್ರ ಬೇಕಿಲ್ಲ" ಎಂದ.

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪುಸ್ತಕ ಕೊಂಡು, ಮೂವರೂ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರು. ಗೋಡೆಯ ಗಡಿಯಾರ ಸರಿಯಾಗಿ ನಾಲ್ಕು ತೋರಿಸುತ್ತಿತ್ತು. ನಾಲ್ಕಕ್ಕೆಲ್ಲ ಎಲ್ಲ ಕೆಲಸ ಮುಗಿಸಿ, ಯಾವ ಗಂಟೂ ಇಲ್ಲದೆ ನೆಮ್ಮದಿಯಾಗಿ ಕೂತದ್ದು ತನ್ನ ಜೀವಮಾನದಲ್ಲೇ ಮೊದಲು ಎಂದುಕೊಂಡ ಹಾಲೇಶ ಇನ್ನೊಂದು ಕಾಫಿ ಹೇಳಿದ. ಗ್ಯಾಸ್ಕೆಟ್ಟನ್ನು ಮೇಜಿನ ಕೆಳಗೆ ಬಿಟ್ಟು ಬಸ್ಸು ಹತ್ತಿದರು.

ಭದ್ರಾವತಿಯಲ್ಲಿ ಇಳಿದು ಮನೆ ಮುಟ್ಟಿದಾಗ ಯೋಗರಾಜ ಅವರ ಮೆಟ್ಟಿಲ ಮೇಲೆ ಕೂತಿದ್ದ. ಅವನ ಹೆಗಲ ಮೇಲೊಂದು ಹೊಸ ಶಾಲು. ಬೀದಿಯವರೆಲ್ಲ ಸೇರಿದ್ದರು. ಸುವರ್ಣಮ್ಮನ ಮುಖ ನೋಡುವ ಹಾಗಿರಲಿಲ್ಲ.

"ನಾಲ್ಕು ಗಂಟೆಗೆ ಎಲ್ಲಿದ್ದೆ ಮಾರಾಯ?" ಎಂದ ಯೋಗರಾಜ. "ರಜೆ ಇದ್ರೂ ನಾಲ್ಕಕ್ಕೆ ಬಾ, ಸುರಕ್ಷತಾ ದಿನದ ಬಹುಮಾನ ನಿನಗೇ ಬಂದಿದೆ ಅಂತ ನಿನ್ನೆ ಗೇಟ್ ಹತ್ರ ಹೇಳಿದ್ನಲ್ಲ. ನನ್ನ ಎದುರಿಗೇ ಗಂಟು ಹಾಕ್ಕೊಂಡೆ."

ಹಾಲೇಶ ಜೇಬಿನಿಂದ ಕರವಸ್ತ್ರ ತೆಗೆದು ನೋಡಿದ. ಇಸ್ತ್ರಿ ಮಾಡಿದಷ್ಟು ಸಪಾಟಾಗಿತ್ತು.

ಯೋಗರಾಜ ಎಲ್ಲ ಹೇಳಿದ. ಜನವರಿಯ ಮೋಟಾರಿನ ವಿಷಯಕ್ಕೆ, ಕಾರ್ಖಾನೆಯಲ್ಲೇ ಅತ್ಯಂತ ಗಮನವಿಟ್ಟು ಕೆಲಸ ಮಾಡುವ ಕಾರ್ಮಿಕ ಎಂದು ಒಂದು ಗೋಡೆಗಡಿಯಾರ, ಒಂದು ಶಾಲು. ಮೈಕಿನಲ್ಲಿ ಹಾಲೇಶನ ಹೆಸರನ್ನು ಮೂರು ಸಲ ಕೂಗಿದರಂತೆ. ಯಾರೂ ಏಳದಿದ್ದಾಗ ಮರ್ಯಾದೆ ಹೋಗುತ್ತದೆಂದು ಯೋಗರಾಜನೇ ವೇದಿಕೆ ಹತ್ತಿದ. ಶಾಲು ಹೊದಿಸಿ ಆದ ಮೇಲೆ ಮ್ಯಾನೇಜರು, ಹಾಲೇಶ್ ಎಲ್ಲಿ ಎಂದು ಮೈಕಿನಲ್ಲೇ ಕೇಳಿದರು. ಯೋಗರಾಜನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಗಮನ ನಿಲ್ಲುವುದಿಲ್ಲವೆಂದು ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗಿದ್ದಾನೆ ಸಾರ್, ಫಾರಂ ನಾನೇ ತುಂಬಿಕೊಟ್ಟೆ ಎಂದುಬಿಟ್ಟ.

ಚಪ್ಪಾಳೆಗಿಂತ ನಗುವೇ ಜೋರಾಗಿತ್ತಂತೆ. ಮ್ಯಾನೇಜರು ಮಾತ್ರ ನಗಲಿಲ್ಲ. ಕರೆಂಟಿನ ಕೆಲಸ, ನಾಳೆ ಹೆಚ್ಚುಕಡಿಮೆಯಾದರೆ ಮೇಲಿನವರು ತಮ್ಮನ್ನು ಕೇಳುತ್ತಾರೆ ಎಂದು ಯೋಚಿಸಿ, ಹಾಲೇಶ ಡಾಕ್ಟರ ಪತ್ರ ತರುವವರೆಗೆ ಗಡಿಯಾರ ಆಫೀಸಿನಲ್ಲಿರಲಿ, ಹಾಲೇಶ ಮನೆಯಲ್ಲಿರಲಿ ಎಂದು ಆಜ್ಞೆ ಮಾಡಿದರು.

ಎದೆ ಸೆಟೆಸಿ ಬೇಡ ಎಂದಿದ್ದ ಪತ್ರ ಹಾಲೇಶನ ಕಣ್ಣ ಮುಂದೆ ಬಂತು. ಮಗಳ ಪತ್ರ ಕೈಯಲ್ಲಿತ್ತು, ಈಗ ಅಪ್ಪನಿಗೇ ಟಿ.ಸಿ. ಬರುವ ಹಾಗಾಗಿತ್ತು. ತಲೆ ತಗ್ಗಿಸಿ ನಿಂತ. ಆದರೆ ಮಿತ್ರಾ ಯೋಗರಾಜನ ಮುಂದೆ ಹೋಗಿ ನಿಂತಿದ್ದಳು.

"ಮಾಮ, ಅಪ್ಪನ ಹೆಸರು ನಿಜವಾಗ್ಲೂ ಮೂರು ಸಲ ಕೂಗಿದ್ರಾ? ಮೈಕಲ್ಲಾ?"

"ಮೂರು ಸಲ. ಗೇಟ್‌ವರೆಗೂ ಕೇಳಿಸ್ತಿತ್ತು."

"ಏನಂತ ಕೂಗಿದ್ರು?"

ಯೋಗರಾಜ ಎದ್ದುನಿಂತು ಮ್ಯಾನೇಜರ ದನಿಯಲ್ಲೇ ಹೇಳಿದ. ಮಿತ್ರಾ ಇನ್ನೊಂದು ಸಲ ಹೇಳಿಸಿದಳು. ಹಾಲೇಶನ ತಲೆ ತಾನಾಗಿಯೇ ಮೇಲೆದ್ದಿತು. ಯೋಗರಾಜನ ಹೆಗಲಿನಿಂದ ಶಾಲು ತೆಗೆದು ಮಗಳು ಅಪ್ಪನಿಗೆ ಹೊದಿಸಿದಾಗ ಸಾವಿತ್ರಮ್ಮನೂ ಚಪ್ಪಾಳೆ ತಟ್ಟಿದರು. ಗ್ಯಾಸ್ಕೆಟ್ ವಿಷಯ ಅವರಿಗೆ ಆಮೇಲೆ ನೆನಪಾಯಿತು.

ಒಳಗೆ ಹೋದ ಮೇಲೆ ಮಿತ್ರಾ ಹೊಸ ಪುಸ್ತಕ ತೆರೆದು ಮೊದಲ ಪುಟದಲ್ಲಿ ದುಂಡಗೆ ಬರೆದಳು: ನಾಳೆ, ಒಂದು, ನನ್ನ ಪತ್ರ ಶಾಲೆಗೆ. ಎರಡು, ಅಪ್ಪನ ಪತ್ರಕ್ಕೆ ಶಿವಮೊಗ್ಗ. ಮೂರು, ಗ್ಯಾಸ್ಕೆಟ್. ಈ ಸಲ ವಾಕ್ಯ ಅರ್ಧಕ್ಕೆ ಬಿಡಲಿಲ್ಲ. ಹಾಲೇಶ ಅದನ್ನು ಓದಿ, ಡಾಕ್ಟರು ಹೇಳಿದಂತೆ ಒಂದು ಗೊತ್ತಾದ ಜಾಗದಲ್ಲಿ ಭದ್ರವಾಗಿ ಇಟ್ಟ.

ಮೂಲೆಯಲ್ಲಿ ಕೂತಿದ್ದ ಮಾಸ್ತಮ್ಮ ಸದ್ದಿಲ್ಲದೆ ಸೆರಗಿನ ತುದಿ ಎಳೆದುಕೊಂಡು ಒಂದು ಗಂಟು ಹಾಕಿದಳು.

"ಎಲ್ಲಾ ಬರೆದಿಟ್ಟಾಯ್ತಲ್ಲ ಅವ್ವಾ, ಮತ್ತೆ ಇದು ಯಾತಕ್ಕೆ?" ಎಂದ ಹಾಲೇಶ.

"ಪುಸ್ತಕ ಎಲ್ಲಿಟ್ಟಿದೀಯ ಅಂತ ನೆನಪಿರಬೇಕಲ್ಲ ಮಗ" ಎಂದಳು ಮಾಸ್ತಮ್ಮ.