ಒಮ್ಮೆಯೂ ಓಟ ಮುಗಿಸದ ಗಾಡಿ

ಕಾಸರಗೋಡಿನ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಕಾಲೇಜಿನ ಹಿಂದಿರುವ ಶೆಡ್ಡಿನ ಬಾಗಿಲು ತೆರೆದರೆ ಸಾಕು, ಒಳಗೆ ಏನಾದರೊಂದು ಆಗಿಯೇ ಇರುತ್ತದೆ. ಅಲ್ಲಿ ನನ್ನ ವಿದ್ಯಾರ್ಥಿಗಳು ಒಬ್ಬರೇ ಕೂರುವ ರೇಸ್ ಕಾರು ಕಟ್ಟುತ್ತಾರೆ. ಅದಕ್ಕೆ ಪೆಟ್ರೋಲ್ ಎಂಜಿನ್ ಕೂಡ ಇದೆ, ಬ್ಯಾಟರಿಯ ಮೋಟಾರು ಕೂಡ ಇದೆ. ಹೈಬ್ರಿಡ್ ಅನ್ನುವುದು ಅದಕ್ಕೇ. ವರ್ಷಕ್ಕೊಮ್ಮೆ ಕಾಲೇಜುಗಳ ನಡುವೆ ನಡೆಯುವ ದೀರ್ಘ ಓಟಕ್ಕೆ ಅದನ್ನು ಒಯ್ಯುತ್ತೇವೆ. ಒಂದೇ ಟ್ರ್ಯಾಕಿನಲ್ಲಿ ಅರ್ಧ ದಿನ ಸುತ್ತಬೇಕು. ಅಲ್ಲಿ ವೇಗಕ್ಕಿಂತ ದೊಡ್ಡದು ಕೊನೆಯವರೆಗೆ ಜೀವ ಹಿಡಿದುಕೊಂಡಿರುವುದು. ನಮ್ಮ ಗಾಡಿ ಹೋದ ಸಲವೆಲ್ಲ ನಡುದಾರಿಯಲ್ಲೇ ಕೈಕೊಟ್ಟಿತ್ತು.

ಕೊನೆಗೆ ಪ್ರಾಂಶುಪಾಲರಿಗೂ ಸಾಕಾಯಿತು. "ಗೆಲ್ಲುವುದೆಲ್ಲ ಬೇಡ ಮಾರಾಯ್ರೆ, ಈ ಸಲ ಓಟ ಮುಗಿಸಿಕೊಂಡು ಬನ್ನಿ, ಅಷ್ಟು ಸಾಕು. ಇಲ್ಲದಿದ್ರೆ ಗಾಡಿ ಗುಜರಿಗೆ, ಶೆಡ್ಡು ಶಟಲ್ ಆಡ್ಲಿಕ್ಕೆ" ಎಂದರು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

ಎರಡಿದ್ದರೆ ಒಳ್ಳೆಯದು

ಗಾಡಿಯನ್ನು ಓಡಿಸಿ ನೋಡಲು ನಮಗೆ ಟ್ರ್ಯಾಕ್ ಇಲ್ಲ. ನೆಕ್ರಾಜೆ ಕಡೆ ಗುಡ್ಡದ ನೆತ್ತಿಯಲ್ಲಿ ಬಟ್ಟಬಯಲಿನಂಥ ಒಂದು ಮುರಕಲ್ಲಿನ ಪದವು ಇದೆ, ಅದೇ ನಮ್ಮ ಮೈದಾನ. ಜಾಗದ ಯಜಮಾನರು ಕೊಂಕಣಿ ಮಾತಾಡುವ ಹಿರಿಯರು. ಊರವರ ಹಾಗೆ ನಾವೂ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತೇವೆ. ಮೊದಲ ದಿನವೇ ಗಾಡಿಗೆ ಒಂದು ಸುತ್ತು ಬಂದು ಕೇಳಿದರು.

"ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಎರಡು ಎಂತಕ್ಕೆ?"

"ಒಂದು ಸೋತ್ರೆ ಇನ್ನೊಂದು ಎಳೀತದೆ ಪೊರ್ಬುಗಳೇ" ಎಂದು ನಾನು ಜಂಬದಿಂದ ಹೇಳಿದೆ.

ಅವರು ಗಾಡಿಯ ಮೈಯನ್ನು ಒಮ್ಮೆ ತಟ್ಟಿದರು. "ನಮ್ಮ ಅಪ್ಪ ನಂಗೆ ಮದುವೆ ಮಾಡಿಸುವಾಗ ಹೀಗೇ ಹೇಳಿದ್ದು" ಎಂದರು.

ಮೂರನೆಯ ಸುತ್ತಿನಲ್ಲಿ ಎಂಜಿನ್ ಬಿಸಿಯಾಗಿ ನಿಂತಿತು. ಮೋಟಾರು ಎಳೆಯುತ್ತದೆಂದು ಕಾದೆವು. ಒಂದು ತಂತಿ ಕಳಚಿ ಅದೂ ಒಟ್ಟಿಗೇ ನಿಂತಿತ್ತು. ಪೊರ್ಬುಗಳು ಜೀಪು ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಬೇಜಾರು ಮಾಡ್ಬೇಡಿ ಮಾಸ್ಟ್ರೆ, ನಮ್ಮಲ್ಲಿಯೂ ಹೀಗೇ. ಸಿಟ್ಟು ಬಂದ್ರೆ ಇಬ್ಬರೂ ಒಟ್ಟಿಗೇ ನಿಲ್ಲುವುದು."

ಹಾರ್ನ್

ಬ್ಯಾಟರಿಯಲ್ಲಿ ಓಡುವಾಗ ನಮ್ಮ ಗಾಡಿಗೆ ಸದ್ದೇ ಇಲ್ಲ. ಪದವಿನಲ್ಲಿ ದನ ಅಟ್ಟಿಕೊಂಡು ಬರುವವರು ಎರಡು ಸಲ ಬೆಚ್ಚಿಬಿದ್ದ ಮೇಲೆ ಹಾರ್ನ್ ಬೇಕೇ ಬೇಕು ಅನಿಸಿತು. ತಂಡದಲ್ಲಿ ಶಿರಿಯದ ಒಬ್ಬ ವಿದ್ಯಾರ್ಥಿ ಇದ್ದ. ಅವನ ಮಾವ ಸ್ಕೂಟರಿನಲ್ಲಿ ಮನೆಮನೆಗೆ ಮೀನು ಮಾರುವವರು. ಅವರ ಹಳೆಯ ಹಾರ್ನನ್ನು ಈತ ತಂದು ಗಾಡಿಗೆ ಬಿಗಿದ. ಹಾರ್ನ್ ಚೆನ್ನಾಗಿತ್ತು. ಅದು ಎಷ್ಟು ಮನೆಗಳಿಗೆ ಪರಿಚಿತ ಅನ್ನುವುದು ಮಾತ್ರ ನಮಗೆ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಪದವಿನ ಬದಿಯಲ್ಲಿ ಎರಡು ಸಲ ಹಾರ್ನ್ ಹೊಡೆದದ್ದೇ, ಮೊದಲು ಬೆಕ್ಕುಗಳು ಬಂದವು. ಅವುಗಳ ಹಿಂದೆ ಪಾತ್ರೆ ಹಿಡಿದುಕೊಂಡು ಹೆಂಗಸರು ಬಂದರು. ಗಾಡಿ ನಿಲ್ಲಿಸಲೇಬೇಕಾಯಿತು.

"ಬೂತಾಯಿ ಉಂಟಾ?" ಎಂದು ಮುಂದಿದ್ದ ಒಬ್ಬರು ಕೇಳಿದರು.

"ಇಲ್ಲ ಅಕ್ಕ, ಇದು ರೇಸ್ ಗಾಡಿ" ಎಂದ ನಮ್ಮ ಡ್ರೈವರ್.

ಅವರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಮೀನು ಇನ್ನೂ ತಾಜಾ ಇರ್ಬೇಕಲ್ಲ?"

ನಿಂಬೆಹಣ್ಣು

ಈ ಸಲ ಹೊರಡುವ ಮುಂಚೆ ಯಾರೂ ಯಾವ ದೇವರನ್ನೂ ಬಿಡಲಿಲ್ಲ. ಒಬ್ಬ ದೇವಸ್ಥಾನದ ಪ್ರಸಾದ ತಂದ, ಇನ್ನೊಬ್ಬಳು ಇಗರ್ಜಿಯ ಪಾದ್ರಿಗಳಿಂದ ತೀರ್ಥ ತಂದು ಚಿಮುಕಿಸಿದಳು. ದೃಷ್ಟಿಯಾಗಬಾರದೆಂದು ಯಾರೋ ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸು ಕಟ್ಟಿ ತೂಗುಹಾಕಿದರು. ನಾನು ನೋಡಿಯೂ ನೋಡದವನ ಹಾಗೆ ಇದ್ದೆ. ಶೆಡ್ಡು ಉಳಿಯುವುದು ಮುಖ್ಯ, ಯಾರಿಂದ ಉಳಿದರೆ ನನಗೇನು?

ಓಟದ ಮೊದಲು ಒಂದು ತಪಾಸಣೆ ಇರುತ್ತದೆ. ಪರೀಕ್ಷಕರು ಘಟ್ಟದ ಮೇಲಿನವರು, ಬಹಳ ಗಂಭೀರ ಮನುಷ್ಯ. ಬ್ರೇಕು ನೋಡಿದರು, ಬೆಲ್ಟು ನೋಡಿದರು, ನಿಂಬೆಹಣ್ಣಿನ ಹತ್ತಿರ ಬಂದು ನಿಂತರು.

"ಇದೇನು?"

"ಸೇಫ್ಟಿ ಸರ್" ಎಂದ ನಮ್ಮವನೊಬ್ಬ.

ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಅವರು ಬೆರಳಿನಿಂದ ನಿಂಬೆಹಣ್ಣನ್ನು ಒಮ್ಮೆ ತೂಗಿ ನೋಡಿದರು. "ಸೇಫ್ಟಿ ಇರಲಿ. ಆದರೆ ಗಾಡಿಯಲ್ಲಿ ಯಾವುದೂ ನೇತಾಡಬಾರದು. ಇದಕ್ಕೊಂದು ಬೋಲ್ಟ್ ಹಾಕಿ" ಎಂದರು.

ಬಾವುಟ

ಓಟದ ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಓಡಿಸಬೇಕು. ಉಳಿದರ್ಧಕ್ಕೆ ನಾವು ಇಟ್ಟದ್ದು ಬಂದ್ಯೋಡಿನ ಹುಡುಗಿಯನ್ನು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಂದಿನಿಂದ ಆಕೆ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಕಾಲೇಜಿಗೆ ಬರುವವಳು. ಹೊಂಡ, ಜಲ್ಲಿ ರಾಶಿ, ನಿನ್ನೆ ಇದ್ದು ಇವತ್ತು ಇಲ್ಲದ ತಿರುವು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ.

ಅವತ್ತು ಬಿಸಿಲಿಗೆ ಒಂದೊಂದೇ ಗಾಡಿ ಹೊಗೆ ಬಿಟ್ಟು ಬದಿಗೆ ಸರಿಯಿತು. ನಮ್ಮದು ಮಾತ್ರ ಸುತ್ತುತ್ತಲೇ ಇತ್ತು. ಎಂಜಿನ್ ಕೆಮ್ಮಿದಾಗ ಮೋಟಾರು ಎಳೆಯಿತು, ಮೋಟಾರು ಸೋತಾಗ ಎಂಜಿನ್ ಎಳೆಯಿತು. ಕೊನೆಯ ಸುತ್ತು. ಕೊನೆಯ ತಿರುವು ದಾಟಿ ಅವಳು ನೇರ ದಾರಿಗೆ ಬಂದಳು. ಮುಕ್ತಾಯದ ಗೆರೆಯ ಹತ್ತಿರ ನಿಂತಿದ್ದವರು, ಓಟ ಮುಗಿಯಿತು ಎಂದು ತೋರಿಸುವ ಕಪ್ಪು ಬಿಳಿ ಚೌಕದ ಬಾವುಟ ಬೀಸತೊಡಗಿದರು.

ಅವಳು ವೇಗ ಇಳಿಸಿದಳು. ನಿಧಾನಕ್ಕೆ ಎಡಕ್ಕೆ ಬಂದಳು. ಗೆರೆಗೆ ಇನ್ನೊಂದು ಮಾರು ಇರುವಾಗ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದೆ. ಗಾಡಿಯ ಹತ್ತಿರ ತಂಡದವರು ಹೋಗುವಂತಿಲ್ಲ, ಹೋದರೆ ಓಟ ರದ್ದು. ಬೇಲಿಯ ಈಚೆಯಿಂದ ಎಲ್ಲರೂ ಬೊಬ್ಬೆ ಹಾಕಿದೆವು. ಹೆಲ್ಮೆಟ್ಟಿನೊಳಗೆ ಅವಳಿಗೆ ಏನು ಕೇಳುತ್ತದೆ? ಹಿಂದಿನಿಂದ ಎರಡು ಗಾಡಿಗಳು ಅವಳನ್ನು ದಾಟಿ ಗೆರೆಯ ಆಚೆ ಹೋದವು. ಅವುಗಳ ಕಡೆ ಕೈಯೆತ್ತಿ, ಎಂತ ಇಷ್ಟು ಅವಸರ ಎಂಬಂತೆ ಬೈದಳು.

ಬಾವುಟದವರು ಇನ್ನೂ ಜೋರಾಗಿ ಬೀಸಿದರು. ಅವಳು ಸ್ಟಿಯರಿಂಗಿನಿಂದ ಎರಡೂ ಕೈ ಎತ್ತಿ, ನಿಲ್ಲಿಸಿದ್ದೇನಲ್ಲ ಎಂದು ತೋರಿಸಿದಳು. ಅವರು ಮತ್ತೂ ಬೀಸಿದರು. ಕೊನೆಗೆ ರಟ್ಟೆ ಸೋತು, ಕೈ ಬದಲಿಸಲಿಕ್ಕೆ ಬಾವುಟ ಕೆಳಗಿಳಿಸಿದರು. ಅವಳು ತಲೆಬಾಗಿ ಉಪಕಾರ ಹೇಳಿ, ಬ್ಯಾಟರಿಯಲ್ಲಿ ಉಳಿದಿದ್ದ ಚೂರು ಜೀವದಲ್ಲಿ ಗಾಡಿಯನ್ನು ತೆವಳಿಸಿಕೊಂಡು ಗೆರೆ ದಾಟಿದಳು.

ಓಟ ಮುಗಿಸಿದವರಲ್ಲಿ ನಾವೇ ಕಡೆ. ಆದರೂ ಮುಗಿಸಿದ್ದೆವು. ಶೆಡ್ಡು ಉಳಿಯಿತು. ನಾನು ಎಲ್ಲರ ಎದುರೇ ಅತ್ತುಬಿಟ್ಟೆ.

"ಯಾಕಮ್ಮ ನಿಲ್ಲಿಸಿದ್ದು?" ಎಂದು ಕಣ್ಣೊರಸಿಕೊಂಡು ಕೇಳಿದೆ.

"ಬಾವುಟ ತೋರಿಸಿದ್ರಲ್ಲ ಸರ್. ನಮ್ಮ ಹೈವೇಯಲ್ಲಿ ಕೆಲಸದವರು ಅದನ್ನು ಇಳಿಸುವ ಮುಂಚೆ ಹೋದ್ರೆ ಸಮಾ ಬೈತಾರೆ."

ಹಳದಿ, ಕೆಂಪು, ನೀಲಿ ಬಾವುಟಗಳನ್ನೆಲ್ಲ ಅವಳಿಗೆ ಉರುಹೊಡೆಸಿದ್ದೆವು. ಚೌಕದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಗಾಡಿ ಅದರವರೆಗೆ ತಲುಪಿದ್ದರಲ್ಲವೇ ನೆನಪಾಗುವುದು.

ಅವಳು ಹೆಲ್ಮೆಟ್ ತೆಗೆದು, ಬೆವರು ಒರಸಿಕೊಂಡು, ತಿರುಗಿ ಟ್ರ್ಯಾಕಿನ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಎಲ್ಲ ಸರಿ ಸರ್" ಎಂದಳು, "ಆದ್ರೆ ರೋಡಿನ ಕೆಲಸ ಎಲ್ಲಿ ಆಗ್ತಾ ಉಂಟು ಅಂತ ಮಾತ್ರ ನಂಗೆ ಕಾಣ್ಲೇ ಇಲ್ಲ."